ಸಾಫ್ಟ್‌ವೇರ್ ಬದಲಾದರೆ ಡಿಫರೆನ್ಷಿಯಲ್ ಬದಲಾಗುತ್ತದೆಯೇ?

ಆಟಿ ತಿಂಗಳಲ್ಲಿ ಅಡಿಕೆಗೆ ಮದ್ದು ಬಿಡುವ ಕೆಲಸ ಜೋರಾಗಿರುತ್ತದೆ. ಸುಣ್ಣ, ಮೈಲುತುತ್ತು, ಪಂಪು, ಪೈಪು, ಜನ ಎಲ್ಲವನ್ನೂ ತೋಟಕ್ಕೆ ಇಳಿಸಬೇಕು. ಸಂಜೆ ಮತ್ತೆ ಮೇಲೆ ತರಬೇಕು. ಮುಳ್ಳೇರಿಯ, ಆದೂರು, ದೇಲಂಪಾಡಿ, ಬಂದಡ್ಕ ಕಡೆಯ ತೋಟದ ದಾರಿಗಳು ಹೇಗಿರುತ್ತವೆ ಅಂತ ಗೊತ್ತಲ್ವಾ. ಮುರ ಮಣ್ಣಿನ ಕಡಿದಾದ ಏರು, ಅಲ್ಲಲ್ಲಿ ಗಾಲಿಗೆ ಮಾತ್ರ ಎರಡು ಪಟ್ಟಿ ಕಾಂಕ್ರೀಟು, ಅದರ ಮೇಲೆ ಪಾಚಿ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಫೋರ್ ವೀಲ್ ಗಾಡಿ ಇಲ್ಲಿ ಹಾರೆ, ಪಿಕ್ಕಾಸಿನ ಜೊತೆಗೆ ಲೆಕ್ಕಕ್ಕೆ ಬರುವ ಸಲಕರಣೆ.

ಇಂಥ ಗಾಡಿ ಇರುವವರ ನಡುವೆ ಈಗೀಗ ಒಂದು ಮಾತು ಜಾಸ್ತಿ ಕೇಳಿಬರುತ್ತಿದೆ. ಸರ್ವಿಸಿಗೆ ಬಿಟ್ಟಾಗ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರು, ಆಮೇಲೆ ಅದೇ ಏರನ್ನು ಗಾಡಿ ಬೇರೆ ಥರ ಹತ್ತುತ್ತಿದೆ ಎಂದು. ಕೆಲವರಿಗೆ ಅದು ಚೆನ್ನಾಗಿ ಕಂಡಿದೆ. ಕೆಲವರು ಡಿಫರೆನ್ಷಿಯಲ್ಲೇ ಹೋಯಿತು ಎಂದು ಗಾಬರಿಯಾಗುತ್ತಾರೆ. ಈ ಪ್ರಶ್ನೆ ಬಿಡಿಸಬೇಕಾದರೆ ಗಾಡಿಯ ನಡತೆಯಲ್ಲಿ ಕಬ್ಬಿಣದ ಪಾಲು ಯಾವುದು, ಸಾಫ್ಟ್‌ವೇರಿನ ಪಾಲು ಯಾವುದು ಎಂದು ಬೇರೆ ಮಾಡಿ ನೋಡಬೇಕು. ಹಾಗೆ ನೋಡದೆ ಅಪ್‌ಡೇಟನ್ನು ಹೊಗಳುವುದಕ್ಕೂ ಬೈಯುವುದಕ್ಕೂ ಅರ್ಥ ಇಲ್ಲ.

ಮೊದಲು ಕಬ್ಬಿಣ

ಗಾಡಿ ತಿರುಗುವಾಗ ಹೊರಗಿನ ಗಾಲಿ ಒಳಗಿನದ್ದಕ್ಕಿಂತ ಹೆಚ್ಚು ದೂರ ಓಡಬೇಕು. ಎಷ್ಟು ಹೆಚ್ಚು? ಎಡ ಬಲ ಗಾಲಿಗಳ ನಡುವೆ 1.5 ಮೀಟರ್ ಅಂತರ ಇದೆ ಎಂದುಕೊಳ್ಳಿ. ಹೇರ್‌ಪಿನ್ ತಿರುವಿನಲ್ಲಿ ಗಾಡಿಯ ಮುಖ ಪೂರ್ತಿ ಹಿಂದಕ್ಕೆ ತಿರುಗುವಷ್ಟರಲ್ಲಿ ಹೊರಗಿನ ಗಾಲಿ ಸುಮಾರು 4.7 ಮೀಟರ್ ಹೆಚ್ಚು ಓಡಿರುತ್ತದೆ. ತಿರುವು ಅಗಲವಾಗಿದ್ದರೂ ಅಷ್ಟೇ, ಇಕ್ಕಟ್ಟಾಗಿದ್ದರೂ ಅಷ್ಟೇ. ಎರಡೂ ಗಾಲಿಗಳನ್ನು ಒಂದೇ ಗಟ್ಟಿ ಆಕ್ಸಲಿಗೆ ಬಿಗಿದುಬಿಟ್ಟರೆ ಆ 4.7 ಮೀಟರನ್ನು ಯಾವುದೋ ಒಂದು ಟಯರ್ ರಸ್ತೆಗೆ ಉಜ್ಜಿಕೊಂಡೇ ಸರಿದೂಗಿಸಬೇಕಾಗುತ್ತದೆ.

ಅದನ್ನು ತಪ್ಪಿಸಲು ಇರುವುದೇ ಡಿಫರೆನ್ಷಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್ 1827ರಷ್ಟು ಹಿಂದೆಯೇ ಉಗಿ ಗಾಡಿಗೆಂದು ಇದನ್ನು ರೂಪಿಸಿದ್ದ. ಎಂಜಿನ್ ತಿರುಗಿಸುವ ದೊಡ್ಡ ಗೇರಾದ ಕ್ರೌನ್ ವೀಲಿನ ಜೊತೆ ತಿರುಗುವ ಒಂದು ಗೂಡು, ಅದರೊಳಗೆ ಪಿನಿಯನ್ ಎಂಬ ಚಿಕ್ಕ ಗೇರುಗಳು, ಅವುಗಳ ಎಡಕ್ಕೂ ಬಲಕ್ಕೂ ಒಂದೊಂದು ಗೇರು. ಗಾಡಿ ನೇರ ಹೋಗುವಾಗ ಪಿನಿಯನ್‌ಗಳು ತಮ್ಮಷ್ಟಕ್ಕೆ ತಿರುಗುವುದಿಲ್ಲ, ಗೂಡಿನ ಜೊತೆ ಸುತ್ತುತ್ತವೆ ಅಷ್ಟೆ. ತಿರುವು ಬಂದಾಗ ಅವು ತಾವೂ ಉರುಳಿ ಒಂದು ಕಡೆಯ ವೇಗ ಕಡಿಮೆ ಮಾಡಿ ಇನ್ನೊಂದು ಕಡೆಗೆ ಅಷ್ಟನ್ನೇ ಸೇರಿಸುತ್ತವೆ. ಎರಡು ಗಾಲಿಗಳ ವೇಗದ ಸರಾಸರಿ ಯಾವಾಗಲೂ ಕ್ರೌನ್ ವೀಲಿನ ವೇಗಕ್ಕೆ ಸಮ. ಒಂದು ಗಾಲಿ ಪೂರ್ತಿ ನಿಂತರೆ ಇನ್ನೊಂದು ಎರಡು ಪಟ್ಟು ವೇಗದಲ್ಲಿ ತಿರುಗುವುದು ಇದೇ ಕಾರಣಕ್ಕೆ.

ವೇಗದ ಮಾತು ಹೀಗಾಯಿತು. ಏರಿನಲ್ಲಿ ನಮಗೆ ಮುಖ್ಯವಾಗುವುದು ಟಾರ್ಕ್, ಅಂದರೆ ಗಾಲಿಯನ್ನು ತಿರುಗಿಸುವ ಬಲ. ಪಿನಿಯನ್ ಕೆಲಸ ಮಾಡುವುದು ತಕ್ಕಡಿಯ ದಂಡಿಯ ಹಾಗೆ. ನಡುವೆ ಹಿಡಿದು ಎತ್ತಿದರೆ ಎರಡೂ ಕಡೆಗೆ ಒಂದೇ ಭಾರ, ಒಂದು ಕಡೆ ಹಗುರವಾದರೆ ಇನ್ನೊಂದು ಕಡೆಯೂ ಅಷ್ಟನ್ನೇ ಎತ್ತಬಲ್ಲುದು. ಸಾದಾ ಡಿಫರೆನ್ಷಿಯಲ್ ಎರಡೂ ಗಾಲಿಗಳಿಗೆ ಸಮನಾದ ಟಾರ್ಕನ್ನೇ ಕೊಡುತ್ತದೆ. ಜಾರುವ ಗಾಲಿಗೇ ಎಲ್ಲ ಟಾರ್ಕ್ ಹೋಗುತ್ತದೆ ಎಂದು ತುಂಬ ಜನ ಹೇಳುತ್ತಾರೆ, ಅದು ತಪ್ಪು. ಜಾರುವ ಗಾಲಿ ತಡೆಯಬಲ್ಲಷ್ಟು ಟಾರ್ಕ್ ಮಾತ್ರ ಎರಡೂ ಕಡೆಗೆ ಸಿಗುತ್ತದೆ. ಗಟ್ಟಿ ನೆಲದ ಮೇಲಿರುವ ಗಾಲಿ ಸುಮ್ನೆ ನಿಂತಿರುತ್ತದೆ.

ಲೆಕ್ಕ ಹಾಕಿ ನೋಡಿ. ಎಡ ಗಾಲಿ ಪಾಚಿಯ ಮೇಲಿದೆ, 20 ಪಾಲು ಟಾರ್ಕ್ ತಡೆಯಬಲ್ಲುದು. ಬಲ ಗಾಲಿ ಒರಟು ಮುರಕಲ್ಲಿನ ಮೇಲಿದೆ, 200 ಪಾಲು ತಡೆಯಬಲ್ಲುದು. ಸಾದಾ ಡಿಫರೆನ್ಷಿಯಲ್ ಆದರೆ 20 ಮತ್ತು 20, ಒಟ್ಟು 40. ಗಾಡಿ ಹತ್ತುವುದಿಲ್ಲ. ಡಿಫರೆನ್ಷಿಯಲ್ ಲಾಕ್ ಹಾಕಿದರೆ ಎರಡೂ ಗಾಲಿಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ಆಗ ಎಡದಿಂದ 20, ಬಲದಿಂದ 200, ಒಟ್ಟು 220. ಗಾಡಿ ಹತ್ತುತ್ತದೆ.

ಲಾಕ್ ಇಲ್ಲದ ಗಾಡಿಯಲ್ಲಿ ಮೂರನೆಯ ದಾರಿಯೊಂದಿದೆ. ಜಾರುತ್ತಿರುವ ಎಡ ಗಾಲಿಗೆ ಮಾತ್ರ ಬ್ರೇಕ್ ಹಿಡಿಯುವುದು. 100 ಪಾಲಿನಷ್ಟು ಬ್ರೇಕ್ ಹಿಡಿದರೆ ಎಡಗಡೆಯ ತಡೆ 20 ಇದ್ದದ್ದು 120 ಆಯಿತು. ಡಿಫರೆನ್ಷಿಯಲ್ ತನ್ನ ಗುಣದಂತೆ ಬಲಕ್ಕೂ 120 ಕೊಡುತ್ತದೆ. ಗಾಡಿಯನ್ನು ನೂಕುವ ಒಟ್ಟು ಟಾರ್ಕ್ 20 ಮತ್ತು 120, ಅಂದರೆ 140. ಎಂಜಿನ್ ಮಾತ್ರ 240 ಕೊಡಬೇಕು. ಮಿಕ್ಕ 100 ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಈ 140ನ್ನು, ಈ 240ನ್ನು, ಈ ಬಿಸಿಯನ್ನು ನೆನಪಿಟ್ಟುಕೊಳ್ಳಿ. ಸಾಫ್ಟ್‌ವೇರಿನ ಕಥೆ ಪೂರ್ತಿ ನಿಂತಿರುವುದು ಇದರ ಮೇಲೆ.

ನಾಲ್ಕೂ ಗಾಲಿಗೆ ಕೊಟ್ಟಾಗ

ನಮ್ಮ ಕಡೆ ಓಡುವ ಜೀಪು, ಥಾರ್, ಜಿಮ್ನಿ, ಗೂರ್ಖಾಗಳು ಬೇಕಾದಾಗ ಮಾತ್ರ ಫೋರ್ ವೀಲ್ ಹಾಕುವ ಬಗೆಯವು. ಮುಂದಿನ ಆಕ್ಸಲಿನಲ್ಲಿ ಒಂದು ಡಿಫರೆನ್ಷಿಯಲ್, ಹಿಂದಿನದ್ದರಲ್ಲಿ ಒಂದು. ನಡುವೆ ಇಲ್ಲ. ಲಿವರ್ ಎಳೆದರೆ ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಒಂದಕ್ಕೊಂದು ಗಟ್ಟಿಯಾಗಿ ಬೆಸೆದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಗಾಲಿಗಳೂ ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕಲ್ಲ. ಮುಂದಿನ ಹಿಂದಿನ ಆಕ್ಸಲುಗಳ ನಡುವೆ 2.5 ಮೀಟರ್ ಅಂತರ ಇರುವ ಗಾಡಿ ಇಕ್ಕಟ್ಟಿನ ಹೇರ್‌ಪಿನ್ ತಿರುಗಿದರೆ ಈ ವ್ಯತ್ಯಾಸ ಸುಮಾರು 1.8 ಮೀಟರ್ ಬರುತ್ತದೆ. ಕೆಸರಿನಲ್ಲಿ ಟಯರ್ ಜಾರಿ ಅದನ್ನು ನುಂಗಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರುವುದಿಲ್ಲ, ಹಾಗಾಗಿ ಶಾಫ್ಟುಗಳೇ ಬಿಗಿಯುತ್ತಾ ಹೋಗುತ್ತವೆ. ಸ್ಟೀರಿಂಗ್ ಭಾರವಾಗುವುದು, ಗಾಡಿ ತಡೆತಡೆದು ಹೋಗುವುದು, ಲಿವರ್ ಹಿಂದಕ್ಕೆ ಬಾರದಿರುವುದು ಎಲ್ಲ ಇದರಿಂದಲೇ. ಇದು ಯಾವ ಅಪ್‌ಡೇಟಿನಿಂದಲೂ ಸರಿಯಾಗದು. ಒಣ ರಸ್ತೆಯಲ್ಲಿ ಟೂ ವೀಲಿಗೆ ಹಾಕುವುದೇ ಪರಿಹಾರ.

ಇನ್ನೊಂದು ಗುಣವನ್ನು ಗಾಡಿ ಕೊಳ್ಳುವವರಿಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಎರಡೂ ಡಿಫರೆನ್ಷಿಯಲ್ ಸಾದಾ ಆಗಿದ್ದರೆ ಫೋರ್ ವೀಲ್ ಹಾಕಿದ ಗಾಡಿಯೂ ನಿಂತಲ್ಲೇ ನಿಲ್ಲಬಹುದು. ದಾರಿಗೆ ಅಡ್ಡವಾಗಿ ಓರೆಯಾಗಿ ಒಂದು ಕಣಿ ಇದೆ ಎಂದುಕೊಳ್ಳಿ. ದಾಟುವಾಗ ಮುಂದಿನ ಎಡ ಗಾಲಿ ಮತ್ತು ಹಿಂದಿನ ಬಲ ಗಾಲಿ ಹಗುರವಾಗುತ್ತವೆ. ಮುಂದಿನ ಆಕ್ಸಲಿಗೂ ಟಾರ್ಕ್ ಇಲ್ಲ, ಹಿಂದಿನದ್ದಕ್ಕೂ ಇಲ್ಲ. ಗಾಳಿಯಲ್ಲಿರುವ ಎರಡು ಗಾಲಿಗಳು ತಿರುಗುತ್ತವೆ, ನೆಲ ಕಚ್ಚಿದ ಎರಡು ಸುಮ್ಮನಿರುತ್ತವೆ. ಹಳೆಯ ಜೀಪುಗಳಲ್ಲಿ ಹಿಂದೆ ಕುಳಿತವರು ಇಳಿದು ಮೇಲೆದ್ದ ಮೂಲೆಯ ಮೇಲೆ ನಿಂತು ಭಾರ ಹಾಕುತ್ತಿದ್ದುದು ಸರಿಯಾದ ವಿಜ್ಞಾನವೇ.

ಇದಕ್ಕೆ ಒಬ್ಬೊಬ್ಬ ತಯಾರಕರು ಒಂದೊಂದು ಉತ್ತರ ಕೊಟ್ಟಿದ್ದಾರೆ. ಫೋರ್ಸ್ ಗೂರ್ಖಾದಲ್ಲಿ ಮುಂದಕ್ಕೂ ಹಿಂದಕ್ಕೂ ಕೈಯಲ್ಲಿ ಹಾಕುವ ಲಾಕ್ ಇದೆ. 2020ರ ಥಾರಿನ ಕೆಲವು ಮಾದರಿಗಳಲ್ಲಿ ಹಿಂದೆ ತನ್ನಷ್ಟಕ್ಕೆ ಬೀಳುವ ಮೆಕ್ಯಾನಿಕಲ್ ಲಾಕ್ ಬಂತು. ಎರಡು ಗಾಲಿಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಒಳಗಿನ ಚಿಕ್ಕ ತೂಕಗಳು ಹೊರಕ್ಕೆ ಎಸೆದುಕೊಂಡು ಲಾಕ್ ಬೀಳಿಸುತ್ತವೆ. ಗಾಡಿಯ ವೇಗ ಗಂಟೆಗೆ 30 ಕಿಲೋಮೀಟರಿನ ಆಸುಪಾಸು ದಾಟಿದ್ದರೆ ಬೀಳುವುದಿಲ್ಲ. ಇದರಲ್ಲಿ ಒಂದು ವಯರೂ ಇಲ್ಲ. 2023ರಲ್ಲಿ ಬಂದ ಜಿಮ್ನಿ ಬ್ರೇಕ್ ಹಿಡಿಯುವ ದಾರಿಯನ್ನು ನೆಚ್ಚಿಕೊಂಡಿದೆ. 2024ರ ಥಾರ್ ರಾಕ್ಸ್ ಫೋರ್ ವೀಲಿನಲ್ಲಿ ಹಿಂದಿನ ಡಿಫರೆನ್ಷಿಯಲಿಗೆ ಸ್ವಿಚ್ ಒತ್ತಿ ಹಾಕುವ ಎಲೆಕ್ಟ್ರಾನಿಕ್ ಲಾಕ್ ಇದೆ. ಡಸ್ಟರಿನ ಹಳೆಯ ಆಲ್ ವೀಲ್ ಡ್ರೈವ್ ಗಾಡಿಯದ್ದು ಬೇರೆ ಜಾತಿ. ಅದರಲ್ಲಿ ಹಿಂದಿನ ಗಾಲಿಗಳಿಗೆ ಎಷ್ಟು ಕೊಡಬೇಕೆಂದು ಒಂದು ಕ್ಲಚ್ ಪ್ಯಾಕ್, ಅಂದರೆ ಒತ್ತಿದಷ್ಟು ಹಿಡಿಯುವ ತಟ್ಟೆಗಳ ಕಟ್ಟು, ನಿರ್ಧರಿಸುತ್ತದೆ, ಆ ಕ್ಲಚ್ಚನ್ನು ಒತ್ತುವುದು ಕಂಟ್ರೋಲ್ ಯೂನಿಟ್.

ಸಾಫ್ಟ್‌ವೇರ್ ಎಲ್ಲಿ ಕೈ ಹಾಕುತ್ತದೆ

ಈಗ ಬೇರೆ ಮಾಡುವುದು ಸುಲಭ. ಸಾಫ್ಟ್‌ವೇರ್ ಗೇರುಗಳನ್ನು ಮುಟ್ಟಲಾರದು. ಅದು ಮುಟ್ಟಬಲ್ಲದ್ದು ಮುಖ್ಯವಾಗಿ ನಾಲ್ಕನ್ನು: ಪ್ರತಿ ಗಾಲಿಯ ಬ್ರೇಕು, ಎಂಜಿನಿನ ಥ್ರಾಟಲ್, ಕ್ಲಚ್ ಪ್ಯಾಕ್ ಇದ್ದರೆ ಅದು, ಎಲೆಕ್ಟ್ರಾನಿಕ್ ಲಾಕ್ ಇದ್ದರೆ ಅದರ ಸ್ವಿಚ್ಚು. ಗೂರ್ಖಾದ ಲಾಕಿಗೂ ಥಾರಿನ ಮೆಕ್ಯಾನಿಕಲ್ ಲಾಕಿಗೂ ಯಾವ ಅಪ್‌ಡೇಟೂ ತಲುಪುವುದಿಲ್ಲ. ಆ ಗಾಡಿಗಳಲ್ಲಿ ಅಪ್‌ಡೇಟ್ ಆದ ಮೇಲೆ ಏರಿನಲ್ಲಿ ವ್ಯತ್ಯಾಸ ಕಂಡರೆ ಬದಲಾದದ್ದು ಬ್ರೇಕಿನ ಅಥವಾ ಥ್ರಾಟಲಿನ ಲೆಕ್ಕಾಚಾರ.

ಜಾರುವ ಗಾಲಿಗೆ ಬ್ರೇಕ್ ಹಿಡಿಯುವ ಕೆಲಸ ಎಬಿಎಸ್ ಘಟಕದ್ದು, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಬಿಗಿದು ನಿಲ್ಲದಂತೆ ಕಾಯುವ ಘಟಕದ್ದು. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಎಲ್ಲ ಕಾರುಗಳಿಗೂ ಎಬಿಎಸ್ ಕಡ್ಡಾಯವಾಗಿದೆ. ಪಂಪು, ವಾಲ್ವು, ಗಾಲಿಗೊಂದು ವೇಗದ ಸೆನ್ಸರ್ ಹೇಗೂ ಇದ್ದೇ ಇವೆ. ಸ್ಥಿರತೆ ಕಾಯುವ ಇಎಸ್‌ಸಿ ಇರುವ ಗಾಡಿಯಲ್ಲಂತೂ ಪೆಡಲ್ ಒತ್ತದೆಯೇ ಒಂದೊಂದು ಗಾಲಿಗೆ ಬ್ರೇಕ್ ಕೊಡುವ ಏರ್ಪಾಟೂ ಇದೆ. ಅದರ ಮೇಲೆ ಸಾಫ್ಟ್‌ವೇರ್ ಬರೆದರೆ ಡಿಫರೆನ್ಷಿಯಲ್ ಲಾಕಿನ ಅರ್ಧ ಕೆಲಸ ಆಗಿಬಿಡುತ್ತದೆ. ಹೊಸ ಕಬ್ಬಿಣ ಬೇಡ. ಕಂಪನಿಗಳು ಈ ದಾರಿ ಹಿಡಿದದ್ದು ಅದಕ್ಕೇ.

ಆ ಸಾಫ್ಟ್‌ವೇರಿನ ಒಳಗೆ ಏನಿರುತ್ತದೆ? ಬಹುಪಾಲು ಸಂಖ್ಯೆಗಳು. ಎರಡು ಗಾಲಿಗಳ ವೇಗದಲ್ಲಿ ಎಷ್ಟು ವ್ಯತ್ಯಾಸ ಬಂದರೆ ಜಾರಿದೆ ಎಂದು ತಿಳಿಯಬೇಕು, ಅದಾದ ಎಷ್ಟು ಹೊತ್ತಿಗೆ ಬ್ರೇಕ್ ಹಿಡಿಯಬೇಕು, ಎಷ್ಟು ಗಟ್ಟಿಯಾಗಿ, ಯಾವಾಗ ಬಿಡಬೇಕು, ಥ್ರಾಟಲ್ ಕಡಿಮೆ ಮಾಡಬೇಕೋ ಬೇಡವೋ. ಮಣ್ಣು, ಮರಳು, ಹಿಮ ಎಂದು ನಾಬ್ ತಿರುಗಿಸುವ ಗಾಡಿಗಳಲ್ಲಿ ಒಂದೊಂದು ಮೋಡ್‌ಗೂ ಇಂಥ ಸಂಖ್ಯೆಗಳ ಬೇರೆ ಬೇರೆ ಪಟ್ಟಿ ಇರುತ್ತದೆ. ಅಪ್‌ಡೇಟಿನಲ್ಲಿ ಸಾಮಾನ್ಯವಾಗಿ ಬದಲಾಗುವುದು ಈ ಪಟ್ಟಿಯೇ.

ಫೋರ್ ವೀಲ್ ಗಾಡಿಯಲ್ಲಿ ಈ ಲೆಕ್ಕ ತುಂಬ ಕಷ್ಟದ್ದು. ಟೂ ವೀಲ್ ಗಾಡಿಯಾದರೆ ಎಂಜಿನ್ ತಾಗದ ಎರಡು ಗಾಲಿಗಳು ನೆಲದ ನಿಜವಾದ ವೇಗ ಹೇಳುತ್ತವೆ. ಅದಕ್ಕೆ ಹೋಲಿಸಿದರೆ ಜಾರುವುದು ಯಾವುದು ಎಂದು ಗೊತ್ತಾಗುತ್ತದೆ. ನಾಲ್ಕೂ ಗಾಲಿಗಳಿಗೆ ಎಂಜಿನ್ ತಾಗಿದಾಗ, ಕೆಸರಿನಲ್ಲಿ ನಾಲ್ಕೂ ಒಟ್ಟಿಗೆ ಜಾರಿದರೆ ಸುಳ್ಳು ಹೇಳದ ಗಾಲಿ ಒಂದೂ ಉಳಿಯುವುದಿಲ್ಲ. ಆಗ ಸಾಫ್ಟ್‌ವೇರ್ ಗಾಡಿಯ ಚಲನೆ ಅಳೆಯುವ ಸೆನ್ಸರ್, ಸ್ಟೀರಿಂಗಿನ ಕೋನ, ಎಂಜಿನಿನ ಟಾರ್ಕ್ ಎಲ್ಲ ಸೇರಿಸಿ ಅಂದಾಜು ಮಾಡಬೇಕು. ಏರು ಕಡಿದಾದಷ್ಟೂ ಆ ಅಂದಾಜು ಕಷ್ಟ. ಅಪ್‌ಡೇಟ್ ಆದಾಗ ನಮಗೆ ಕಾಣುವ ಸುಧಾರಣೆ ಬಹಳ ಸಲ ಈ ಅಂದಾಜಿನ ಸುಧಾರಣೆ.

ಫೋರ್ ವೀಲ್ ಹಾಕಿದೆಯೋ ಇಲ್ಲವೋ ಎಂಬುದೂ ಬ್ರೇಕ್ ಘಟಕಕ್ಕೆ ಗೊತ್ತಿರಬೇಕು. ಮುಂದಿನ ಹಿಂದಿನ ಶಾಫ್ಟು ಬೆಸೆದಿರುವಾಗ ಒಂದು ಗಾಲಿಗೆ ಹಿಡಿದ ಬ್ರೇಕ್ ಉಳಿದವನ್ನೂ ಎಳೆಯುತ್ತದೆ. ಆ ಸುದ್ದಿ ಕೊಡುವುದು ಮುಂದಕ್ಕೂ ಹಿಂದಕ್ಕೂ ಟಾರ್ಕ್ ಕಳಿಸುವ ಪೆಟ್ಟಿಗೆಯಾದ ಟ್ರಾನ್ಸ್‌ಫರ್ ಕೇಸಿನ ಮೇಲಿನ ಒಂದು ಸ್ವಿಚ್ಚು ಅಥವಾ ಸೆನ್ಸರು, ಅದು ಹೋಗುವುದು ಕ್ಯಾನ್ ಬಸ್ ಎಂಬ ವಯರು ಜಾಲದ ಮೂಲಕ. ಬಾಷ್ ಕಂಪನಿ 1986ರಲ್ಲಿ ಹೊರಗೆ ತಂದ ಈ ಏರ್ಪಾಟು ಈಗ ಹೆಚ್ಚುಕಮ್ಮಿ ಎಲ್ಲ ಗಾಡಿಗಳಲ್ಲೂ ಇದೆ. ನೀರು ಹೊಕ್ಕು ಆ ಸ್ವಿಚ್ಚಿನ ಕನೆಕ್ಟರ್ ಹಸಿರುಗಟ್ಟಿದರೆ ಸಾಫ್ಟ್‌ವೇರ್ ಎಷ್ಟು ಒಳ್ಳೆಯದಿದ್ದರೂ ತಪ್ಪು ನಿರ್ಧಾರವನ್ನೇ ಮಾಡುತ್ತದೆ. ಹೊಳೆ ದಾಟಿಸುವ ಗಾಡಿಗಳಲ್ಲಿ ಇದನ್ನು ಮೊದಲು ನೋಡಬೇಕು.

ಬಿಸಿಯ ಲೆಕ್ಕವೂ ಇದೆ. ಮೇಲೆ ಹೇಳಿದ ಆ 100 ಪಾಲು ಬ್ರೇಕಿನಲ್ಲಿ ಬಿಸಿಯಾಗುತ್ತಾ ಹೋಗುತ್ತದೆ. ಸಾಮಾನ್ಯವಾಗಿ ಡಿಸ್ಕಿನಲ್ಲಿ ಉಷ್ಣಮಾಪಕ ಇರುವುದಿಲ್ಲ. ಎಷ್ಟು ಹೊತ್ತು, ಎಷ್ಟು ಗಟ್ಟಿಯಾಗಿ ಹಿಡಿದೆ ಎಂಬುದರಿಂದ ಸಾಫ್ಟ್‌ವೇರೇ ಬಿಸಿಯನ್ನು ಊಹಿಸುತ್ತದೆ. ಮಿತಿ ದಾಟಿತು ಎನಿಸಿದರೆ ಸಹಾಯ ನಿಲ್ಲಿಸಿಬಿಡುತ್ತದೆ. ಉದ್ದದ ಏರಿನ ನಡುವೆ ಗಾಡಿ ಏಕಾಏಕಿ ಕೈಬಿಟ್ಟ ಹಾಗಾದರೆ ಕಾರಣ ಇದಿರಬಹುದು. ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಬರುತ್ತದೆ. ಒಂದು ಅಪ್‌ಡೇಟ್ ಈ ಮಿತಿಯನ್ನು ಬಿಗಿ ಮಾಡಿದರೆ ಗಾಡಿ ಸೋತಂತೆ ಕಾಣುತ್ತದೆ, ಬ್ರೇಕ್ ಮಾತ್ರ ಉಳಿಯುತ್ತದೆ. ನನ್ನ ಮಟ್ಟಿಗೆ ಅದು ಒಳ್ಳೆಯ ಬದಲಾವಣೆ. ಏರು ಹತ್ತಿದ ಮೇಲೆ ಇಳಿಯುವುದಕ್ಕೂ ಅದೇ ಬ್ರೇಕ್ ಬೇಕಲ್ಲ.

ಅಪ್‌ಡೇಟ್ ಮಾಡಿಸುವಾಗ

ಮೊದಲು ಟಯರ್ ನೋಡಿ. ಮುಂದೆ ಹೊಸ ಜೋಡಿ, ಹಿಂದೆ ಸವೆದ ಜೋಡಿ ಹಾಕುವ ಅಭ್ಯಾಸ ನಮ್ಮಲ್ಲಿದೆ. 8 ಮಿಲಿಮೀಟರ್ ಹಲ್ಲಿರುವ ಟಯರಿಗೂ 2 ಮಿಲಿಮೀಟರ್ ಉಳಿದ ಟಯರಿಗೂ ಒಂದು ಸುತ್ತಿನಲ್ಲಿ ಸುಮಾರು 38 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಕಿಲೋಮೀಟರಿಗೆ ಹೆಚ್ಚುಕಮ್ಮಿ 17 ಮೀಟರ್. ಕಾಸರಗೋಡಿನಿಂದ ಮಂಗಳೂರು ಮುಟ್ಟುವಷ್ಟರಲ್ಲಿ ಮುಕ್ಕಾಲು ಕಿಲೋಮೀಟರಿಗೂ ಜಾಸ್ತಿ. ಸಾಫ್ಟ್‌ವೇರಿಗೆ ಇದು ಸದಾ ಜಾರುತ್ತಿರುವ ಗಾಡಿಯ ಹಾಗೆ ಕಾಣಬಹುದು. ಕ್ಲಚ್ ಪ್ಯಾಕ್ ಇರುವ ಗಾಡಿಯಲ್ಲಿ ಆ ಪ್ಯಾಕ್ ಸುಟ್ಟುಹೋಗುವುದಕ್ಕೂ ಇದು ಸಾಕು. ನಾಲ್ಕೂ ಒಂದೇ ಅಳತೆ, ಒಂದೇ ಸವೆತ ಇರಲಿ, ಗಾಳಿಯೂ ಕಂಪನಿ ಹೇಳಿದಷ್ಟಿರಲಿ.

ಆಮೇಲೆ ಸ್ಕ್ಯಾನರ್ ಹಾಕಿ ಇರುವ ಫಾಲ್ಟ್ ಕೋಡುಗಳನ್ನೂ, ಎಂಜಿನ್, ಎಬಿಎಸ್, ಫೋರ್ ವೀಲ್ ಘಟಕಗಳ ಸಾಫ್ಟ್‌ವೇರ್ ನಂಬರನ್ನೂ ಬರೆದುಕೊಳ್ಳಿ ಅಥವಾ ಫೋಟೋ ತೆಗೆದಿಡಿ. ಸರ್ವಿಸಿನವರನ್ನು ನೇರವಾಗಿ ಕೇಳಿ: “ಯಾವ ಘಟಕಕ್ಕೆ ಹಾಕುತ್ತೀರಿ? ಹಳೆಯ ನಂಬರ್ ಎಷ್ಟು, ಹೊಸದು ಎಷ್ಟು? ಇದರಲ್ಲಿ ಏನು ಬದಲಾಗುತ್ತದೆ?” ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಇದು ನಿಮ್ಮ ಗಾಡಿ, ಕೇಳುವುದರಲ್ಲಿ ಸಂಕೋಚ ಬೇಡ. ಎಂಜಿನಿಗೆ ಮಾತ್ರ ಅಪ್‌ಡೇಟ್ ಹಾಕಿದ್ದರೆ ಗಾಲಿಯ ಬ್ರೇಕ್ ಹಿಡಿಯುವ ರೀತಿ ಬದಲಾಗಿರುವ ಸಂಭವ ಕಡಿಮೆ, ಬದಲಾದದ್ದು ಪೆಡಲಿನ ಸ್ಪಂದನ ಎಂದು ಆಗಲೇ ಅರ್ಥವಾಗುತ್ತದೆ.

ಕರೆಂಟಿನ ವಿಷಯ ಇಲ್ಲಿ ಸಣ್ಣದಲ್ಲ. ಘಟಕಕ್ಕೆ ಹೊಸ ಸಾಫ್ಟ್‌ವೇರ್ ಬರೆಯುತ್ತಿರುವಾಗ ನಡುವೆ ವೋಲ್ಟೇಜ್ ಬಿದ್ದರೆ ಅದು ಅರ್ಧ ಹಳೆಯದು ಅರ್ಧ ಹೊಸದಾಗಿ ಕೂತುಬಿಡಬಹುದು. ಆಮೇಲೆ ಗಾಡಿ ಸ್ಟಾರ್ಟೇ ಆಗದಿರಬಹುದು. ಎಂಜಿನ್ ಆಫ್ ಇರುವಾಗ ಇಗ್ನಿಷನ್ ಆನ್ ಇಟ್ಟು ಮಾಡುವ ಕೆಲಸವಾದ್ದರಿಂದ ಬ್ಯಾಟರಿಯೇ ಎಲ್ಲ ಹೊರಬೇಕು. ಬ್ಯಾಟರಿಗೆ ಸ್ಥಿರ ಕರೆಂಟ್ ಕೊಡುವ ಸಪ್ಲೈ ಜೋಡಿಸಿಯೇ ಮಾಡಲಿ. ಗುಡುಗು ಮಿಂಚಿನ ದಿನ ಬೇಡ ಎನ್ನಿ. ಮೊಬೈಲ್ ನೆಟ್‌ವರ್ಕಿನಿಂದ ತಾನೇ ಇಳಿಸಿಕೊಳ್ಳುವ ಗಾಡಿಯಾದರೆ ಮನೆಯಂಗಳದಲ್ಲಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಮರುದಿನ ಬೆಳಿಗ್ಗೆ ತುರ್ತು ಕೆಲಸ ಇಲ್ಲದಾಗ ಒಪ್ಪಿಗೆ ಕೊಡಿ. ಮದ್ದು ಬಿಡುವ ವಾರದಲ್ಲಂತೂ ಬೇಡವೇ ಬೇಡ.

ಅಪ್‌ಡೇಟ್ ಮುಗಿದ ಮೇಲೆ ಎರಡು ಕೆಲಸ ಬಿಟ್ಟುಹೋಗುತ್ತವೆ. ಬ್ರೇಕ್ ಘಟಕಕ್ಕೆ ಅಪ್‌ಡೇಟ್ ಹಾಕಿದಾಗ ಹಲವು ಗಾಡಿಗಳಲ್ಲಿ ಸ್ಟೀರಿಂಗ್ ಕೋನದ ಸೆನ್ಸರಿಗೆ ನೇರ ಎಂದರೆ ಯಾವುದು ಎಂದು ಮತ್ತೆ ಕಲಿಸಬೇಕು. ಕಲಿಸದಿದ್ದರೆ ನೇರ ಹೋಗುತ್ತಿದ್ದರೂ ಗಾಡಿ ತಿರುಗುತ್ತಿದೆ ಎಂದು ಅದು ತಿಳಿಯುತ್ತದೆ, ಬೇಡದಲ್ಲಿ ಬ್ರೇಕ್ ಹಿಡಿಯುತ್ತದೆ. ಇನ್ನೊಂದು, ಆಟೋಮ್ಯಾಟಿಕ್ ಗೇರ್‌ಬಾಕ್ಸು, ಕ್ಲಚ್ ಪ್ಯಾಕ್‌ಗಳು ಓಡುತ್ತಾ ಕಲಿತುಕೊಂಡ ಅಳತೆಗಳು ಅಳಿಸಿಹೋಗಿರಬಹುದು. ಕೆಲವು ದಿನ ಗಾಡಿ ಒರಟಾಗಿ ಕಾಣುತ್ತದೆ, ಆಮೇಲೆ ಹದಕ್ಕೆ ಬರುತ್ತದೆ.

ಡಿಫರೆನ್ಷಿಯಲಿನ ಮೇಲೇ ಸಂಶಯ ಇದ್ದರೆ ಸಾಫ್ಟ್‌ವೇರ್ ಬಿಟ್ಟು ಕಬ್ಬಿಣವನ್ನೇ ಕೇಳಬಹುದು. ಸಮತಟ್ಟಾದ ಗಟ್ಟಿ ನೆಲದಲ್ಲಿ ಮುಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡ ಕೊಟ್ಟು, ಹಿಂದಿನ ಎರಡೂ ಗಾಲಿಗಳನ್ನು ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಎಂಜಿನ್ ಆಫ್, ಟೂ ವೀಲ್, ಗೇರ್ ಹಾಕಿರಲಿ, ಆಟೋಮ್ಯಾಟಿಕ್ ಆದರೆ ಪಾರ್ಕ್. ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಒಂದು ಗಾಲಿಯನ್ನು ಕೈಯಲ್ಲಿ ನಿಧಾನ ತಿರುಗಿಸಿ. ಇನ್ನೊಂದು ಎದುರು ದಿಕ್ಕಿಗೆ ತಿರುಗಿದರೆ ಡಿಫರೆನ್ಷಿಯಲ್ ತನ್ನ ಕೆಲಸ ಮಾಡುತ್ತಿದೆ. ಎರಡೂ ಅಲುಗದಿದ್ದರೆ ಲಾಕ್ ಬಿದ್ದಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಕಟಕಟ ಸದ್ದು, ಎಡೆ ಎಡೆಯಲ್ಲಿ ಸಿಕ್ಕಿಕೊಳ್ಳುವುದು ಇದ್ದರೆ ಎಣ್ಣೆ ಇಳಿಸಿ ಲೋಹದ ಚೂರು ಇದೆಯೇ ನೋಡಿಸಬೇಕು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ.

ಪೇಟೆಯಲ್ಲಿ ಕೆಲವರು ಲ್ಯಾಪ್‌ಟಾಪ್ ಇಟ್ಟುಕೊಂಡು ರೀಮ್ಯಾಪ್, ಅಂದರೆ ಕಂಪನಿಯ ಸಾಫ್ಟ್‌ವೇರಿನ ಸಂಖ್ಯೆಗಳನ್ನು ತಿದ್ದುವ ಕೆಲಸ, ಮಾಡಿಕೊಡುತ್ತಾರೆ. ಎಂಜಿನಿಗೆ ಮಾಡಿಸುವುದು ವಾರಂಟಿ ಕಳೆದುಕೊಳ್ಳುವ ಪ್ರಶ್ನೆ, ಅವರವರಿಗೆ ಬಿಟ್ಟದ್ದು. ಬ್ರೇಕ್ ಘಟಕಕ್ಕೆ ಮಾತ್ರ ಕಂಪನಿಯದ್ದಲ್ಲದ ಸಾಫ್ಟ್‌ವೇರ್ ಹಾಕಿಸಲೇಬಾರದು ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಅದರಲ್ಲಿ ತಪ್ಪಾದರೆ ನಿಮ್ಮ ಜೊತೆ ಎದುರು ಬರುವ ಬಸ್ಸಿನವರೂ ಅನುಭವಿಸುತ್ತಾರೆ.

ಏರಿನಲ್ಲಿ ಕಾಲು ಎಲ್ಲಿರಬೇಕು

ಬ್ರೇಕ್ ನಂಬಿದ ಗಾಡಿ ಓಡಿಸುವುದಕ್ಕೆ ಹಳೆಯ ಜೀಪಿನ ಅಭ್ಯಾಸ ಸರಿಹೋಗುವುದಿಲ್ಲ. ಜೀಪಿನಲ್ಲಿ ಗಾಲಿ ಜಾರಿತು ಅಂದ ಕೂಡಲೇ ಕಾಲು ತೆಗೆಯುತ್ತಿದ್ದೆವು. ಇಲ್ಲಿ ಹಾಗೆ ಮಾಡಿದರೆ ಬ್ರೇಕ್ ಹಿಡಿಯಲು ಶುರು ಮಾಡಿದ ಹೊತ್ತಿಗೇ ಎಂಜಿನಿನ ಟಾರ್ಕ್ ಇಲ್ಲದಾಗುತ್ತದೆ. ಎಂಜಿನ್ 240 ಕೊಟ್ಟರೆ ಮಾತ್ರ ಗಾಲಿಗೆ 140 ಸಿಗುತ್ತದೆ ಅಲ್ವಾ. ಫೋರ್ ವೀಲಿನ ಲೋ ಗೇರ್ ಹಾಕಿ, ಪೆಡಲನ್ನು ಒಂದೇ ಹದದಲ್ಲಿ ಒತ್ತಿ ಹಿಡಿದು ಒಂದೆರಡು ಕ್ಷಣ ಕಾಯಬೇಕು. ಕಟ್ ಕಟ್ ಎಂದು ಎಬಿಎಸ್ ವಾಲ್ವಿನ ಸದ್ದು ಕೇಳುತ್ತದೆ, ಗಾಡಿ ನಡುಗುತ್ತದೆ, ಆಮೇಲೆ ಇನ್ನೊಂದು ಗಾಲಿ ಕಚ್ಚುತ್ತದೆ. ಆ ಸದ್ದಿಗೆ ಹೆದರಿ ಕಾಲು ತೆಗೆದವರೇ ಅಪ್‌ಡೇಟ್ ಕೆಟ್ಟದ್ದು ಎಂದು ಹೇಳುವುದು ಜಾಸ್ತಿ. ಇಎಸ್‌ಸಿ ಥ್ರಾಟಲ್ ಕಡಿದು ಕೆಸರಿನಲ್ಲಿ ಗಾಡಿಯನ್ನು ನಿಲ್ಲಿಸುತ್ತಿದ್ದರೆ ಅದನ್ನು ಆಫ್ ಮಾಡುವ ಗುಂಡಿ ಇದೆ. ಹಲವು ಗಾಡಿಗಳಲ್ಲಿ ಲೋ ಗೇರ್ ಹಾಕಿದರೆ ತಾನೇ ಆಫ್ ಆಗುತ್ತದೆ. ಡಾಂಬರಿಗೆ ಬಂದ ಮೇಲೆ ಮತ್ತೆ ಆನ್ ಆಗಿದೆಯೇ ನೋಡಬೇಕು.

ಎಲೆಕ್ಟ್ರಾನಿಕ್ ಲಾಕ್ ಇರುವವರು ಗಾಲಿ ಜಾರುವ ಮೊದಲೇ, ಏರಿನ ಬುಡದಲ್ಲೇ ಸ್ವಿಚ್ ಒತ್ತಬೇಕು. ಒತ್ತಿದ ಕೂಡಲೇ ಹಲ್ಲುಗಳು ಕೂರುವುದಿಲ್ಲ, ಗಾಲಿ ಸ್ವಲ್ಪ ಉರುಳಬೇಕು. ದೀಪ ಮಿಣುಕುತ್ತಿದ್ದರೆ ಇನ್ನೂ ಕೂತಿಲ್ಲ ಎಂದರ್ಥ. ಬಿಡಿಸುವಾಗಲೂ ಸ್ಟೀರಿಂಗ್ ನೇರ ಮಾಡಿ ಸ್ವಲ್ಪ ಹಿಂದೆ ಮುಂದೆ ಓಡಿಸಿದರೆ ಬೇಗ ಬಿಡುತ್ತದೆ.

ಅಪ್‌ಡೇಟ್ ಆದ ಗಾಡಿಯನ್ನು ನೇರ ತೋಟದ ಏರಿಗೆ, ಜನ ಮತ್ತು ಸಾಮಾನು ತುಂಬಿಕೊಂಡು ತೆಗೆದುಕೊಂಡು ಹೋಗಬೇಡಿ. ಖಾಲಿ ಗಾಡಿಯಲ್ಲಿ, ಜಾರಿದರೂ ಅಪಾಯ ಇಲ್ಲದ ಕಡೆ ಒಮ್ಮೆ ಹತ್ತಿ ಇಳಿದು ನೋಡಿ, ಬ್ರೇಕ್ ಯಾವಾಗ ಹಿಡಿಯುತ್ತದೆ ಎಂದು ಕಾಲಿಗೆ ಗೊತ್ತಾಗಲಿ. ಮದ್ದು ಬಿಡುವ ಕೆಲಸ ಮುಗಿದ ಮೇಲೆ ನಾಲ್ಕೂ ಗಾಲಿ ಬಿಚ್ಚಿಸಿ ಬ್ರೇಕ್ ಪ್ಯಾಡಿನ ದಪ್ಪ ನೋಡಿಸಿ, ಹಿಂದೆ ಡ್ರಮ್ ಇದ್ದರೆ ಅದರೊಳಗಿನ ಮಣ್ಣು ತೊಳೆಸಿ. ಮಳೆಗಾಲ ಪೂರ್ತಿ ಲಾಕಿನ ಕೆಲಸವನ್ನೂ ಆ ಪ್ಯಾಡುಗಳೇ ಮಾಡಿವೆ. ಕಿಲೋಮೀಟರ್ ಲೆಕ್ಕದಲ್ಲಿ ಬದಲಿಸುವ ದಿನ ಬರುವ ಮೊದಲೇ ಅವು ಸವೆದಿರುತ್ತವೆ.